ಬೆಲ್ಟಿನಲ್ಲಿ ನೇತಾಡಿದ ಬೆಳಿಗ್ಗೆ

ಕೆಂಗೇರಿ ಆಚೆ ಒಂದು ಅಪಾರ್ಟ್‌ಮೆಂಟ್ ಕಟ್ಟುವ ಜಾಗದಲ್ಲಿ ನಾನು ಸೇಫ್ಟಿ ಸೂಪರ್‌ವೈಸರ್ ಆಗಿದ್ದೆ. ದಿನಾ ಬೆಳಿಗ್ಗೆ ಎಲ್ಲರನ್ನೂ ಗೇಟಿನ ಹತ್ತಿರ ನಿಲ್ಲಿಸಿ ಎಚ್ಚರಿಕೆ ಹೇಳುವುದು ನನ್ನ ಕೆಲಸ. ಹೆಲ್ಮೆಟ್ ಪಟ್ಟಿ ಬಿಗಿ ಮಾಡಿ. ಮೇಲೆ ಹತ್ತಿದರೆ ಬೆಲ್ಟಿನ ಕೊಕ್ಕೆ ಹಾಕಿ. ಡ್ರೈವರ್‌ಗಳು ಲಾರಿಯಿಂದ ಧುಮುಕಬೇಡಿ, ಮುಖ ಲಾರಿ ಕಡೆ ಮಾಡಿ ಕಂಬಿ ಹಿಡಿದು ಇಳಿಯಿರಿ. ಹಿಂದೆ ನಿಂತು ಕೈ ತೋರಿಸುವವರಿಲ್ಲದೆ ರಿವರ್ಸ್ ತೆಗೆಯಬೇಡಿ. ಎಲ್ಲರೂ ತಲೆ ಆಡಿಸುತ್ತಿದ್ದರು. ತಲೆ ಆಡಿಸಿದರೆ ನಾನು ಬೇಗ ಮುಗಿಸುತ್ತೇನೆ ಎಂಬುದು ಅವರಿಗೆ ಗೊತ್ತಿತ್ತು.

ಕಾಂಕ್ರೀಟ್ ಸುರಿಯಲು ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದ ಬಡಗಿಯೊಬ್ಬ, ಲಗ್ಗೆರೆಯಿಂದ ಬರುತ್ತಿದ್ದವನು, ಒಂದು ದಿನ ಕೇಳಿದ: "ಸಾರ್, ಈ ಬೆಲ್ಟು ನಿಜವಾಗ್ಲೂ ಹಿಡ್ಕೊಳ್ಳುತ್ತಾ? ನೀವು ಯಾವತ್ತಾದ್ರೂ ನೇತಾಡಿದೀರಾ?"

ನೇತಾಡಿರಲಿಲ್ಲ. ಹಾಗೆಂದು ಅಷ್ಟು ಜನರ ಮುಂದೆ ಹೇಳಲು ಮನಸ್ಸಾಗಲಿಲ್ಲ. ಮರುದಿನ ಎದೆಗೂ ತೊಡೆಗೂ ಪಟ್ಟಿ ಬಿಗಿಯುವ ಆ ಬೆಲ್ಟು ಹಾಕಿಕೊಂಡು ಬಂದೆ. ಗೇಟಿನ ಪಕ್ಕದ ಶೆಡ್ಡಿನಲ್ಲಿ ಗಟ್ಟಿಯಾದ ಕಬ್ಬಿಣದ ತೊಲೆ ಇತ್ತು. ಸ್ಟೂಲು ಹತ್ತಿ, ಬೆನ್ನಿನ ಕೊಕ್ಕೆಯನ್ನು ಬಡಗಿಯ ಕೈಯಿಂದಲೇ ತೊಲೆಗೆ ಹಾಕಿಸಿ, "ಎಳಿ ಸ್ಟೂಲು" ಎಂದೆ. ಅವನು ಸ್ವಲ್ಪ ಖುಷಿಯಿಂದಲೇ ಎಳೆದ.

ಬೆಲ್ಟು ಹಿಡಿದುಕೊಂಡಿತು. ನೆಲದಿಂದ ಮೊಳದಷ್ಟು ಮೇಲೆ ನಾನು ನೇತಾಡುತ್ತಿದ್ದೆ. ಎಲ್ಲರೂ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಆಚೆ ಕಾಂಕ್ರೀಟ್ ಪಂಪು ಶುರುವಾಯಿತು, ಮೇಸ್ತ್ರಿ ಸಿಳ್ಳೆ ಹಾಕಿದ. ಕಾಂಕ್ರೀಟ್ ಬಂದ ಮೇಲೆ ಯಾರೂ ನಿಲ್ಲುವ ಹಾಗಿಲ್ಲ. ಎಲ್ಲರೂ ಓಡಿದರು. ಸ್ಟೂಲನ್ನೂ ಯಾರೋ ಎತ್ತಿಕೊಂಡು ಹೋದರು.

ಕೊಕ್ಕೆ ನನ್ನ ಕೈಗೆ ಎಟುಕಲಿಲ್ಲ. ಫೋನು ಆಫೀಸಿನಲ್ಲಿ ಚಾರ್ಜಿಗಿತ್ತು. ಪಂಪಿನ ಸದ್ದಿನಲ್ಲಿ ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ತೊಡೆಯ ಪಟ್ಟಿ ಒತ್ತಿ ಕಾಲು ಜೋಮು ಹಿಡಿಯತೊಡಗಿತು. ನೇತಾಡುವವರನ್ನು ಬೇಗ ಇಳಿಸದಿದ್ದರೆ ರಕ್ತವೆಲ್ಲ ಕಾಲಿನಲ್ಲೇ ನಿಂತು ಜೀವಕ್ಕೆ ಅಪಾಯ ಎಂದು ತರಬೇತಿಯಲ್ಲಿ ಹೇಳಿದ್ದರು. ಆ ಪಾಠ ಈಗ ಬಹಳ ಚೆನ್ನಾಗಿ ನೆನಪಾಯಿತು.

ಇನ್ನೊಂದು ಕಾಂಕ್ರೀಟ್ ಲಾರಿ ಒಳಗೆ ಬಂತು. ಅದರ ಡ್ರೈವರ್ ಮದ್ದೂರಿನ ಕಡೆಯವರು, ನನಗಿಂತ ಹಿರಿಯರು. ನನ್ನನ್ನು ಕಂಡು ಮುಖ ಲಾರಿ ಕಡೆ ಮಾಡಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಅಷ್ಟು ಸರಿಯಾಗಿ ಇಳಿದವರನ್ನು ನೋಡಿ ಬೇಸರವಾದದ್ದು ಅದೇ ಮೊದಲು.

"ಏನ್ ಸಾರ್, ಇಳಿಯಲ್ವಾ?"

"ಇಳಿಸಿ ಅಣ್ಣ."

ಅವರು ಸುತ್ತ ನೋಡಿದರು. "ಲಾರಿ ಹಿಂದಕ್ಕೆ ತರ್ತೀನಿ. ಅದರ ಮೇಲೆ ಕಾಲಿಟ್ಬಿಡಿ."

"ಹಿಂದೆ ಯಾರೂ ಇಲ್ದೆ ರಿವರ್ಸ್ ಬೇಡ."

"ನೀವೇ ಇದೀರಲ್ಲ ಸಾರ್ ಹಿಂದೆ."

"ಅದಕ್ಕೇ ಬೇಡ ಅಂದಿದ್ದು."

ಅವರು ಒಪ್ಪಿದರು. ಹೋಗಿ ಗೋಡೆ ಕಟ್ಟುವ ಸಾಲಿಡ್ ಬ್ಲಾಕುಗಳನ್ನು ತಂದು ನನ್ನ ಕಾಲ ಕೆಳಗೆ ಜೋಡಿಸಿ, ತಾವೂ ಹತ್ತಿ ಕೊಕ್ಕೆ ಬಿಚ್ಚಿದರು. ಕಾಲು ನೆಲದ ಮೇಲಿದೆಯೋ ಇಲ್ಲವೋ ಎಂದೇ ನನಗೆ ತಿಳಿಯುತ್ತಿರಲಿಲ್ಲ. ಮೇಸ್ತ್ರಿ ಆ ಕಡೆಯಿಂದ ಅರಚುತ್ತಿದ್ದರೂ ಅವರು ನನಗೆ ನೀರು ಕುಡಿಸಿಯೇ ಹೋದರು.

ಸಂಜೆ ಬಡಗಿ ಬಂದು ನಿಂತ. "ಇಳಿಯೋದಕ್ಕೂ ಬೆಲ್ಟಲ್ಲೇ ಏನೋ ಇರುತ್ತೆ ಅಂದ್ಕೊಂಡೆ ಸಾರ್."

ಮರುದಿನದಿಂದ ಬೇರೆ ಪಾಠ ಶುರು ಮಾಡಿದೆ. ಯಾರಾದರೂ ಬಿದ್ದು ನೇತಾಡಿದರೆ ಏಣಿ ತರುವವರು ಯಾರು, ಕಾಲಿಗೆ ಆಸರೆ ಕೊಡುವವರು ಯಾರು, ಕೊಕ್ಕೆ ಬಿಚ್ಚುವವರು ಯಾರು. ನೇತಾಡಲು ಬಡಗಿಯೇ ಮುಂದೆ ಬಂದ. ಅದನ್ನು ನೋಡಲು ಜನ ಬೇಗ ಬರತೊಡಗಿದರು. ನನ್ನ ಮಾತು ಕೇಳಲು ಯಾರೂ ಹಾಗೆ ಬಂದಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ನಿಜವಾಗಿ ಬಿದ್ದ. ಸ್ಲ್ಯಾಬಿನ ಅಂಚಿನಲ್ಲಿ ಹಲಗೆ ಜಾರಿತು, ಬೆಲ್ಟು ಹಿಡಿದುಕೊಂಡಿತು. ಯಾರೋ ಕಿರುಚಿದ್ದು ಕೇಳಿ ಮೆಟ್ಟಿಲು ಹತ್ತಿ ಓಡಿದೆ. ನಾನು ತಲುಪುವಷ್ಟರಲ್ಲಿ ಕೆಳಗಿನ ಮಹಡಿಯವರು ಅವನ ಕಾಲು ಹಿಡಿದು ಒಳಗೆಳೆದು, ಏಣಿ ಇಟ್ಟು ಕೊಕ್ಕೆ ಬಿಚ್ಚಿಯಾಗಿತ್ತು. ಅವನು ಗೋಡೆಗೆ ಒರಗಿ ಕೂತಿದ್ದ.

"ಜೋಮು ಹಿಡಿಯೋಕ್ಕೂ ಬಿಡ್ಲಿಲ್ಲ ಸಾರ್," ಎಂದ. ತುಟಿ ಬಿಳಿಚಿಕೊಂಡಿತ್ತು.

ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ, ಏನೂ ಆಗಿರಲಿಲ್ಲ. ವಾಪಸ್ ಬಂದು ಇಬ್ಬರೂ ಟೀ ಕುಡಿದೆವು.

ಆ ಶನಿವಾರ ಅವನ ಹೆಂಡತಿ ಫೋನು ಮಾಡಿದಳು. "ಸಾರ್, ನಮ್ಮನೆಯವ್ರು ನಾಳೆ ನೀರಿನ ಟ್ಯಾಂಕು ತೊಳೆಯೋಕೆ ಮನೆ ಶೀಟಿನ ಮೇಲೆ ಹತ್ತುತಾರಂತೆ. ನನ್ ಮಾತು ಕೇಳಲ್ಲ. ನೀವೊಂದ್ಸಲ ಹೇಳಿ."

ಅವನಿಗೆ ಫೋನು ಕೊಡಿಸಿ ಹೇಳಿದೆ. ಶೀಟು ತಡೆಯುವುದಿಲ್ಲ, ಕೊಕ್ಕೆ ಹಾಕಲೂ ಅಲ್ಲಿ ಜಾಗವಿಲ್ಲ, ಏಣಿ ಮೇಲೇ ನಿಂತು ತೊಳೆಯುವ ಆ ಕೆಲಸದವರನ್ನು ಕರೆಸು ಎಂದೆ. "ಆಯ್ತು ಸಾರ್," ಎಂದ.

ಭಾನುವಾರ ಅವಳದೇ ಫೋನು. ಟ್ಯಾಂಕು ತೊಳೆಯುವವನು ಬಂದಿದ್ದಾನೆ. ಗಂಡ ಕೆಳಗೆ ನಿಂತು ಹೆಲ್ಮೆಟ್ ಎಲ್ಲಿ, ಬೆಲ್ಟು ಎಲ್ಲಿ, ಏಣಿ ಯಾರು ಹಿಡಿದಿದ್ದಾರೆ ಎಂದು ಕೇಳುತ್ತಲೇ ಇರುವುದಕ್ಕೆ ಆ ಕೆಲಸದವನು ಬಿಟ್ಟು ಹೊರಡುತ್ತೇನೆ ಎನ್ನುತ್ತಿದ್ದಾನೆ.

"ಹೋಗೋಕೆ ಬಿಡ್ಬೇಡಮ್ಮ. ಏಣಿ ನಿನ್ ಗಂಡನ ಕೈಗೇ ಕೊಡು," ಎಂದೆ.