ಒಡಪಿನೊಳಗೆ ಬಚ್ಚಿಟ್ಟ ಹೆಸರು

ಶಹಾಪುರದ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಸಿಮಿಲಿ, ಮೆಟಫರ್ ಎಂದು ಬೋರ್ಡಿನ ಮೇಲೆ ಬರೆದು, ಇವೆಲ್ಲ ಮಾತಿಗೆ ತೊಡಿಸುವ ಒಡವೆ ಎಂದು ಹೇಳಿಕೊಡುವುದು ನನ್ನ ರೂಢಿ. ಹುಡುಗರ ಮುಖ ಪೆಚ್ಚಾದಾಗ ಊರಿನ ಉದಾಹರಣೆಗೆ ಇಳಿಯುತ್ತಿದ್ದೆ. "ನಿಮ್ಮವ್ವ ಒಡಪ ಹಾಕಿ ನಿಮ್ಮಪ್ಪನ ಹೆಸರ ಹೇಳ್ತಾಳಲ್ಲ, ಇದೂ ಹಂಗ" ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತಿತ್ತು.

ನಮ್ಮ ಕಡೆ ಮದುವೆಯಾದ ಹೆಂಗಸು ಗಂಡನ ಹೆಸರು ಹಿಡಿದು ಮಾತಾಡುವುದಿಲ್ಲ. ಮದುವೆಯಲ್ಲೋ ಬಸುರಿಗೆ ಮಾಡುವ ಕುಬಸದಲ್ಲೋ ಉಳಿದ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಮಾತ್ರ ಪ್ರಾಸದ ಎರಡು ಸಾಲು ಕಟ್ಟಿ, ಅದರ ತುದಿಗೆ ಹೆಸರು ಸೇರಿಸುತ್ತಾಳೆ. ಅದೇ ಒಡಪು. ಸುರಪುರದಲ್ಲಿರುವ ನಮ್ಮವ್ವ ಇದರಲ್ಲಿ ಗಟ್ಟಿಗಿತ್ತಿ. "ಹೊಳಿ ದಂಡಿಮ್ಯಾಲ ಜ್ವಾಳದ ಹಸರ, ಅದರ ತೆನ್ಯಾಗ ಬಚ್ಚಿಟ್ಟೀನಿ ನಮ್ಮವರ ಹೆಸರ" ಎಂದು ಶುರು ಮಾಡಿದರೆ ಮಂದಿ ಊಟ ಬಿಟ್ಟು ಕೇಳುತ್ತಿದ್ದರು. ಅದೇ ಅವ್ವ ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳಿ, "ನೀ ಹೇಳವಾ" ಎನ್ನುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಯಾರೂ ಒಡಪು ಕೇಳಲಿಲ್ಲ.

ಹೋದ ವರ್ಷ ನನ್ನ ಕುಬಸ ಸುರಪುರದಲ್ಲೇ ಆಯಿತು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಕೂರಿಸಿದರು. ಒಡಪಿಗೆ ಗಂಟುಬಿದ್ದಾಗ ನಾನು ಪಾಂಡಿತ್ಯ ತೋರಿಸಲು ಹೋಗಿ ಗಂಡನನ್ನು ಚಂದ್ರ ಮಾಡಿದೆ. ಚಿಗವ್ವ ಬಿಡಬೇಕಲ್ಲ! "ಅಮಾಸಿ ದಿನ ನಿನ್ನ ಗಂಡ ಎಲ್ಲಿ ಹೋಗ್ತಾನವಾ?" ಎಂದಳು. ಹೊಟ್ಟೆ ಹಿಡಿದು ನಕ್ಕೆವು.

ಒಬ್ಬೊಬ್ಬರದೇ ಒಡಪು ಮುಗಿಯುತ್ತಾ ಬಂತು. ಅವ್ವ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಅವಳತ್ತ ಯಾರೂ ತಿರುಗಿಯೂ ನೋಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮಗಳ ಕುಬಸದಲ್ಲಿ ತಾಯಿಗೆ ಜಾಗವಿಲ್ಲವೆಂದರೇನು?

"ನಮ್ಮವ್ವನ ಒಡಪ ಕೇಳೂತನ ನಾ ಏಳಂಗಿಲ್ಲ" ಎಂದೆ.

"ಸುಮ್ಮನಿರು, ಹಂಗ ಕೇಳಬಾರದು" ಎಂದು ಚಿಗವ್ವ ನನ್ನ ತೊಡೆ ಚಿವುಟಿದಳು. ನಾನು ಪಾಠ ಹೇಳುವವಳು, ಸುಮ್ಮನಾಗುವುದುಂಟೇ? ಸತ್ತವರನ್ನು ಎದುರಿಗೇ ಇದ್ದಂತೆ ಕರೆದು ಮಾತಾಡಿಸುವ ಕವಿತೆಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ, ನಮ್ಮವ್ವ ಮಾತ್ರ ಯಾಕೆ ಬಾಯಿ ಮುಚ್ಚಿಕೊಳ್ಳಬೇಕು ಎಂದು ವಾದಕ್ಕಿಳಿದೆ. ಒಂದು ಒಡಪು ಹೇಳಿದರೆ ಅವ್ವ ಮತ್ತೆ ಈ ಹೆಂಗಸರ ನಡುವೆ ಬಂದು ಕೂರುತ್ತಾಳೆಂಬುದು ನನ್ನ ಆಸೆ.

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಅವಳು ಅಪ್ಪನ ಹೆಸರು ಹೇಳಿದಳು. ಪ್ರಾಸವಿಲ್ಲ, ಹೊಳೆಯಿಲ್ಲ, ತೆನೆಯಿಲ್ಲ. ಬರೀ ಹೆಸರು. ಅವಳ ಬಾಯಲ್ಲಿ ಅದನ್ನು ಹಾಗೆ ಕೇಳಿದ್ದು ನಾನು ಅದೇ ಮೊದಲು.

"ಅಕ್ಕಾ, ಒಡಪ?" ಎಂದಳು ಚಿಗವ್ವ ಮೆಲ್ಲಗೆ.

"ಸೀದಾ ಹೆಸರ ಹಿಡದ್ರ ಗಂಡನ ಆಯುಷ್ಯ ಕಡಿಮಿ ಆಗ್ತದ ಅಂತ ನಮ್ಮವ್ವ ಹೇಳಿದ್ಲು. ಅದಕ್ಕ ಇಷ್ಟ ವರ್ಷ ಮುಚ್ಚಿ ಮುಚ್ಚಿ ಹೇಳ್ದೆ" ಎಂದಳು ಅವ್ವ. "ಇನ್ನ ಯಾರ ಆಯುಷ್ಯ ಕಾಯೋದದ?"