ಕೊಂಡವಾಡದ ನಾಯಿಗಳು

ಎಂಬತ್ತರ ದಶಕದಲ್ಲಿ ನಾನು ಆಳಂದ ಸೀಮೆಯ ಒಂದು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಊರಿನ ಬೀದಿನಾಯಿಗಳನ್ನು ಹಿಡಿದು, ಬಿಡಾಡಿ ದನ ಕಟ್ಟುವ ಕೊಂಡವಾಡದಲ್ಲಿ ಕೂಡಿಹಾಕುತ್ತಿದ್ದರು. ಮೂರು ದಿನದೊಳಗೆ ಮಾಲೀಕರು ಬರದಿದ್ದರೆ ವಿಷದ ಸೂಜಿ ಚುಚ್ಚುವುದು ನನ್ನ ಕೆಲಸ. ಬೀದಿನಾಯಿಗೆ ಮಾಲೀಕರು ಎಲ್ಲಿಂದ ಬರಬೇಕೆಂದು ಆ ನಿಯಮ ಬರೆದ ಬುದ್ಧಿವಂತರು ಹೇಳಿರಲಿಲ್ಲ.

ಒಮ್ಮೆ ಮೂರನೆಯ ದಿನ, ಬಸ್ ನಿಲ್ದಾಣದ ಹತ್ತಿರ ಭಜಿ ಮಾರುತ್ತಿದ್ದ ಶರಣವ್ವ ಬಂದಳು. ಕುಂಟು ನಾಯಿಯೊಂದನ್ನು ತೋರಿಸಿ, "ಇದನ್ನ ನಾ ಸಾಕ್ತೇನಿ, ಕೊಡ್ರಿ" ಎಂದಳು.

ಕೊಂಡವಾಡದ ಗುಮಾಸ್ತರು ಚಷ್ಮಾ ಏರಿಸಿದರು. "ನಿಂದ ಅನ್ನಾಕ ಪುರಾವೆ ಏನೈತಿ?"

"ನಂದಲ್ರಿ. ಇವತ್ತಿನಿಂದ ನಂದು."

"ಹಂಗ ಕೊಡಾಕ ಬರಂಗಿಲ್ಲ ಯವ್ವಾ. ಮಾಲೀಕರಿಗಷ್ಟ ಕೊಡಬೇಕು."

"ಮತ್ತ ಕೊಲ್ಲಾಕ ಯಾರ ಪುರಾವೆ ತಗೊಂಡೀರಿ?"

ಕೊಲ್ಲಲು ಯಾವ ಪುರಾವೆಯೂ ಬೇಕಿರಲಿಲ್ಲ. ಆ ವಿಷಯದಲ್ಲಿ ಸರ್ಕಾರ ಬಹಳ ಉದಾರಿ. ನಾನು ಸೂಜಿ ಕೆಳಗಿಟ್ಟು, "ಸಾಹೇಬ್ರ, ಈ ನಾಯಿನ್ನ ಮರಿ ಇದ್ದಾಗಿಂದ ಇಕಿ ಮನ್ಯಾಗ ನೋಡೇನಿ" ಎಂದು ಸಾಕ್ಷಿ ಸಹಿ ಹಾಕಿದೆ. ಗುಮಾಸ್ತರಿಗೆ ನಾಯಿ ಯಾರದಾದರೇನು, ಕಾಗದ ಸರಿಯಿತ್ತು. ಶರಣವ್ವ ಅದನ್ನು ಕರೆದುಕೊಂಡು ಹೋದಳು.

ಉಳಿದ ಐದು ನಾಯಿಗಳು ನನ್ನನ್ನೇ ನೋಡುತ್ತಿದ್ದವು. ನಾಚಿಕೆಯಾಗಿ ನಾನೂ ಒಂದು ಅರ್ಜಿ ಬರೆದೆ.

"ಐದೂ ಒಮ್ಮೆಲೇ ಕಳದ್ವೇನ್ರಿ?" ಎಂದರು ಗುಮಾಸ್ತರು.

"ಹೌದ್ರಿ, ನಾಯಿ ಸಾಕೂದ್ರಾಗ ನಾ ಭಾಳ ಬೇಜವಾಬ್ದಾರಿ."

ಮುದ್ರೆ ಬಿತ್ತು. ಐದನ್ನೂ ಕರೆದುಕೊಂಡು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದು, "ಇವು ಯಾರವ್ರಿ?" ಎಂದಳು. ಮುದ್ರೆ ಬಿದ್ದ ಕಾಗದ ತೋರಿಸಿದೆ. ಸರ್ಕಾರದ ಕಾಗದ ಹೊಸ್ತಿಲು ದಾಟಿ ನಡೆಯುವುದಿಲ್ಲವೆಂದು ಅವತ್ತೇ ತಿಳಿಯಿತು.