ಯಲ್ಲಕ್ಕನ ಕೈತೂಕ

ಧರ್ಮಪುರದ ನಮ್ಮ ಬೀದಿಯಲ್ಲಿ ತಕ್ಕಡಿ ಇಟ್ಟುಕೊಂಡವರು ಇಬ್ಬರಿದ್ದಾರೆ. ಆದರೆ ಕುರಿ ಕೊಳ್ಳುವವರು ನಂಬುವುದು ಪಕ್ಕದ ಮನೆ ಯಲ್ಲಕ್ಕನ ಕೈಯನ್ನು. ಕುರಿಯ ಹೊಟ್ಟೆಯಡಿ ಎರಡೂ ಕೈ ಕೊಟ್ಟು ಒಮ್ಮೆ ಎತ್ತಿ ಇಳಿಸುತ್ತಾಳೆ, ಬೆನ್ನುಮೂಳೆಯ ಮೇಲೆ ಹೆಬ್ಬೆರಳು ಆಡಿಸುತ್ತಾಳೆ, ಇಷ್ಟು ಕೇಜಿ ಎನ್ನುತ್ತಾಳೆ. ಅರವತ್ತು ದಾಟಿದರೂ ಆ ಕೈ ತಪ್ಪಿದ್ದನ್ನು ನಾನು ನೋಡಿಲ್ಲ.

ನಾನು ಬಟ್ಟೆ ಹೊಲಿಯುವವಳು. ಜನರ ಮೈಯಳತೆ ನನಗೆ ಬಾಯಿಪಾಠ. ಬಾಯಿ ಬಿಡಬೇಕಾದಾಗ ಮಾತ್ರ ಬಿಡಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಯಲ್ಲಕ್ಕನ ಗಂಡ ಉಗ್ರಪ್ಪ ಹೋಗಿ ಒಂದೂವರೆ ವರ್ಷವಾಯಿತು. ಎರಡು ಮುದ್ದೆ ಉಣ್ಣುತ್ತಿದ್ದವನು ಕೊನೆಯ ವರ್ಷ ಮೂರು ಉಣ್ಣುತ್ತಿದ್ದ, ಮೇಲೆ ಚೊಂಬುಗಟ್ಟಲೆ ನೀರು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಒಂದು ದಿನ ಶೇಂಗಾ ಹೊಲದಲ್ಲಿ ಬಿದ್ದ. ಆಸ್ಪತ್ರೆಯಲ್ಲಿ ಸಕ್ಕರೆ ಮಿತಿ ಮೀರಿದೆ ಎಂದರು, ಮೂರನೇ ದಿನ ಹೆಣ ಬಂತು. ಯಲ್ಲಕ್ಕ ಅಳಲಿಲ್ಲ. ಕುರಿ ಮೇಯಿಸಿದಳು, ಉಂಡಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಒಳಗೆ ಏನೋ ಮರಗಟ್ಟಿತ್ತು. ಉಗ್ರಪ್ಪನ ತಟ್ಟೆಯಲ್ಲೇ ಉಂಡು ಬೆಳೆದ ಬೆಕ್ಕು ಕೆಂಚ ಒಂದು ಉಳಿದಿತ್ತು, ಹದಿಮೂರು ವರ್ಷದ ಮುದುಕ. ಅದನ್ನಾದರೂ ಉಳಿಸಿಕೊಳ್ಳಬೇಕೆಂಬ ಆಸೆಯೊಂದೇ ಅವಳಲ್ಲಿ ಕಾಣುತ್ತಿದ್ದದ್ದು.

ಈ ಬೇಸಿಗೆಯಲ್ಲಿ ಕೆಂಚ ಸೊರಗತೊಡಗಿತು. ತಿನ್ನುವುದಕ್ಕೇನೂ ಕಡಿಮೆಯಿಲ್ಲ, ತನ್ನ ಪಾಲು ಮುಗಿಸಿ ನಮ್ಮನೆಯ ಒಣಮೀನಿಗೂ ಬರುತ್ತಿತ್ತು ಕಳ್ಳ. ಡಾಕ್ಟರಿಗೆ ತೋರಿಸು ಎಂದೆ.

"ತಿನ್ನೋ ಪ್ರಾಣಿ ಸಾಯಲ್ಲ ಕಣೆ," ಎಂದಳು.

ಕುರಿ ಸಾಕುವವರ ಲೆಕ್ಕ ಅದು. ಮೇವು ಬಿಟ್ಟರೆ ಭಯಪಡಬೇಕು, ತಿಂದೂ ಇಳಿದರೆ ಜಂತು. ಕುರಿಗೆ ಹಾಕುವ ಜಂತಿನ ಔಷಧಿಯನ್ನೇ ಬೆರಳ ತುದಿಯಲ್ಲಿ ನೆಕ್ಕಿಸಿದಳು. ಬೆಕ್ಕು ವಾಂತಿ ಮಾಡಿಕೊಂಡು ಮತ್ತೆ ತಟ್ಟೆಗೆ ಬಂತು. ವಾರ ಬಿಟ್ಟು ಎತ್ತಿ ನೋಡಿದವಳು ಮುಕ್ಕಾಲು ಕೇಜಿ ಹೋಗಿದೆ ಎಂದು ತಾನೇ ಹಿರಿಯೂರಿಗೆ ಹೊರಟಳು. ಬುಟ್ಟಿಯಲ್ಲಿ ಉಗ್ರಪ್ಪನ ಕಂಬಳಿ ಹಾಸಿ ಬೆಕ್ಕನ್ನಿಟ್ಟು ಬಸ್ಸು ಹತ್ತಿದೆವು.

ಅಲ್ಲಿನ ದನದ ಡಾಕ್ಟರು ನಿರಂಜನ್ ಅಂತ, ಚಿಕ್ಕ ವಯಸ್ಸಿನವರು. ತೂಕದ ಯಂತ್ರಕ್ಕಿಡುವ ಮೊದಲೇ ಯಲ್ಲಕ್ಕ ಎರಡೂವರೆ ಎಂದಳು. ಯಂತ್ರವೂ ಅಷ್ಟೇ ತೋರಿಸಿತು, ಅವರು ನಕ್ಕರು. ಕೆಂಚನ ಗಂಟಲು ತಡವಿ ನೋಡಿದ ಮೇಲೆ ನಗಲಿಲ್ಲ.

"ಅಮ್ಮಾ, ವಯಸ್ಸಾದ ಬೆಕ್ಕು ಚೆನ್ನಾಗಿ ತಿಂದೂ ಸಣ್ಣಗಾಗ್ತೈತೆ ಅಂದ್ರೆ ಅದೇ ಕಾಯಿಲೆ ಗುರುತು. ಥೈರಾಯ್ಡ್ ಇರಬಹುದು, ಸಕ್ಕರೆ ಇರಬಹುದು. ರಕ್ತ ನೋಡ್ಬೇಕು."

ಯಲ್ಲಕ್ಕ ಬೆಕ್ಕನ್ನು ಕಂಬಳಿಯಲ್ಲಿ ಸುತ್ತಿಕೊಂಡಳು. "ಮನುಷ್ಯರಿಗೂ ಹಿಂಗೇನಾ?"

"ಹಿಂಗೇ. ಮೊದ್ಲೇ ಗೊತ್ತಾದ್ರೆ ಮಾತ್ರೆ ತಗಂಡು ಭಾಳ ವರ್ಷ ಇರ್ತಾರೆ," ಎಂದರು ಪಾಪ, ಅವರಿಗೇನು ಗೊತ್ತು. ಬಸ್ಸಿನಲ್ಲಿ ಧರ್ಮಪುರ ಬರುವ ತನಕ ಆಕೆ ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ.

ರಕ್ತದಲ್ಲಿ ಥೈರಾಯ್ಡ್ ಎಂದು ಬಂತು. ಮನುಷ್ಯರ ಔಷಧಿ ಅಂಗಡಿಯಲ್ಲೇ ಸಿಗುವ ಮಾತ್ರೆ, ಬದುಕಿರುವ ತನಕ ತಪ್ಪಿಸುವ ಹಾಗಿಲ್ಲ. ಡಾಕ್ಟರು ಹೇಳಿದಷ್ಟನ್ನೇ ಮುರಿದು ಮೀನಿನ ಚೂರಿನಲ್ಲಿ ಅಡಗಿಸಿ ಕೊಡುತ್ತಾಳೆ. ಸೋಮವಾರಕ್ಕೊಮ್ಮೆ ಎತ್ತಿ ನೋಡುತ್ತಾಳೆ.

ಎರಡು ತಿಂಗಳಾದ ಮೇಲೆ, ಈ ಸೋಮವಾರ ನನ್ನ ಹೊಲಿಗೆ ಮೆಷಿನ್ ಪಕ್ಕ ನಿಂತು ಎತ್ತಿದಳು. ಅರ್ಧ ಕೇಜಿ ಏರಿದೆ ಎಂದಳು. ಕೆಳಗಿಳಿಸಲಿಲ್ಲ.

"ಸಾವಿರ ಕುರಿ ಎತ್ತೀನಿ ರಂಜಿತಾ. ನಮ್ಮೋರ್ನ ಒಂದಿನನೂ ಎತ್ತಿ ನೋಡ್ಲಿಲ್ಲ."

ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. ಆ ಕೊನೆಯ ವರ್ಷ ಉಗ್ರಪ್ಪ ತನ್ನ ಅಂಗಿ ಸಡಿಲವಾಯಿತೆಂದು ತಾನೇ ತಂದುಕೊಟ್ಟಿದ್ದ. ಎರಡು ಸಲ ಪಕ್ಕ ಹಿಡಿದು ಹೊಲಿದಿದ್ದೆ, ಒಟ್ಟು ನಾಲ್ಕು ಇಂಚು. ಹುಡುಗನ ಹಾಗೆ ಕಾಣುತ್ತೀಯ ಎಂದು ರೇಗಿಸಿ ಕಳಿಸಿದ್ದೆ. ಅದನ್ನೆಲ್ಲ ಹೇಳಿದೆ. ಬೈದಿದ್ದರೆ ಒಳ್ಳೆಯದಿತ್ತು.

ಅವಳು ಬೆಕ್ಕಿನ ಸಮೇತ ತನ್ನ ಮನೆಗೆ ಹೋಗಿ ಆ ಅಂಗಿ ತಂದು ನನ್ನ ಮುಂದಿಟ್ಟಳು. "ಹೊಲಿಗೆ ಬಿಚ್ಚಿಕೊಡು. ಮೊದ್ಲಿನಂಗೇ ಇರ್ಲಿ," ಎಂದಳು.

ಆಕೆ ಬೆಕ್ಕನ್ನು ಎತ್ತಿಕೊಂಡೇ ನಿಂತಿದ್ದಳು. ನಾನು ಒಂದೊಂದೇ ಹೊಲಿಗೆ ಬಿಚ್ಚಿದೆ.